ಭತ್ತದಂಚಿನ ಬ್ರೇಕು

ಮಹೇಶ್ವರಿ ಬ್ರೇಕ್ ತುಳಿದಳು. ಮಸ್ಕಿ ರಸ್ತೆಯಲ್ಲಿ ಒಣಗಲು ಹರವಿದ್ದ ಭತ್ತದ ಅಂಚಿಗೆ ಬಂದು ಸ್ಪೋರ್ಟ್ಸ್ ಕಾರು ಗಕ್ಕನೆ ನಿಂತಿತು. ಪಕ್ಕದಲ್ಲಿದ್ದ ಕಾರಿನೊಡೆಯ ಆನಂದಕುಮಾರ, ತಾನು ಹಾಕಿಸಬೇಕೆಂದು ತರಿಸಿದ್ದ ಸೆರಾಮಿಕ್ ಬ್ರೇಕ್ ಡಿಸ್ಕಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವಚಿ ಹಿಡಿದಿದ್ದ. ಚಕ್ರದಲ್ಲಿದ್ದದ್ದು ಹಳೆಯ ಕಬ್ಬಿಣದ ಡಿಸ್ಕೇ. ಸಿಂಧನೂರಿನ ತನ್ನ ಗ್ಯಾರೇಜಿನ ಲೇತ್ ಯಂತ್ರದಲ್ಲಿ ಬೆಳಿಗ್ಗೆಯಷ್ಟೇ ಅವಳು ಅದನ್ನು ನುಣುಪು ಮಾಡಿದ್ದಳು.

"ಸೆರಾಮಿಕ್ ಕಾದ್ರ ಭಾಳ ಚಲೋ ಹಿಡಿತೈತ್ರಿ. ಇಲ್ಲಿ ಹೆಜ್ಜಿಗೊಂದು ಭತ್ತ, ಕುರಿಹಿಂಡು, ಜೋರು ಹೊಡಿಯಾಕ ಆಗಂಗಿಲ್ಲ. ಅದು ಕಾಯೋದು ಯಾವಾಗ?" ಎಂದಳು ಮಹೇಶ್ವರಿ.

ಆನಂದಕುಮಾರ ಇಳಿದು ಬಗ್ಗಿ ನೋಡಿದ. ಗಾಲಿಗೂ ಭತ್ತಕ್ಕೂ ನಡುವೆ ನಾಲ್ಕೇ ಬೆರಳು. ಒಂದು ಕಾಳೂ ನುರಿದಿರಲಿಲ್ಲ.

ಭತ್ತ ಮಗುಚಲು ಅದರಲ್ಲಿ ಕಾಲಾಡಿಸುತ್ತಿದ್ದ ಮುದುಕಿ ಗ್ಯಾನಮ್ಮ ಬೈಯಲು ಬಾಯಿ ತೆರೆದಿದ್ದಳು. ಸ್ಟೀರಿಂಗ್ ಹಿಡಿದವಳನ್ನು ಕಂಡಳು.

"ಮಹೇಶ್ವರಿ ಹೊಡಿಯಾಕತ್ತಾಳೇನು? ಹಂಗಾದ್ರ ಬರಲಿ," ಎಂದು ಮತ್ತೆ ಕಾಲಾಡಿಸತೊಡಗಿದಳು.