ಬಿಕ್ಕಳಿಕೆಗೂ ಲೈಸೆನ್ಸು

ವೈದ್ಯರ ನೋಂದಣಿ ಕಚೇರಿಯಿಂದ ತಪಾಸಣೆಗೆಂದು ಬಂದ ಅಧಿಕಾರಿ ಹನುಮಂತರಾಯಪ್ಪನವರು ಭಾನುವಿನ ಮನೆಯ ಹೊಸ್ತಿಲ ಮೇಲೆ ಒಂದು ಸಲ ಬಿಕ್ಕಳಿಸಿದರು, ಒಳಗೆ ಬಂದು ಬೆಂಚಿನ ಮೇಲೆ ಕೂತು ಇನ್ನೊಂದು ಸಲ. ಜೂಜುವಾಡಿಯಲ್ಲಿ ಬೇರೊಂದು ಕ್ಲಿನಿಕ್ ನೋಡಿಕೊಂಡು ಬರುವಾಗ ಲಾರಿಗಳ ಸಾಲಿನಲ್ಲಿ ಜೀಪು ಸಿಕ್ಕಿಕೊಂಡಿತಂತೆ, ಹೊತ್ತು ಹೋಗಲೆಂದು ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದರಂತೆ. ಬಿಕ್ಕಳಿಕೆಯ ನಡುನಡುವೆಯೇ ಅಷ್ಟನ್ನೂ ಹೇಳಿದರು. ಕಂಕುಳಲ್ಲಿದ್ದ ಚೀಲವನ್ನು ಮಾತ್ರ ಕೆಳಗಿಡದೆ ತೊಡೆಯ ಮೇಲಿಟ್ಟು ತಬ್ಬಿಕೊಂಡರು.

ಭಾನು ಕೆನಡಾದಲ್ಲಿ ನಾಲ್ಕು ವರ್ಷ ಪ್ರಕೃತಿ ಚಿಕಿತ್ಸೆ ಓದಿ ಮೂಕಂಡಪಲ್ಲಿಗೆ ವಾಪಸು ಬಂದವಳು. ಇಲ್ಲಿ ನೋಂದಣಿಯಾಗುವ ತನಕ ಅವಳು ಡಾಕ್ಟರಲ್ಲ. ಹೊರಗಿನ ಬೋರ್ಡಿನಲ್ಲಿ 'ಡಾ.' ಅನ್ನುವ ಜಾಗಕ್ಕೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಳು. ನೋಂದಣಿಗೆ ಬೇಕಾದ ಅಂಕಪಟ್ಟಿಯನ್ನು ಅಲ್ಲಿನ ಕಾಲೇಜು ಸೀಲು ಹಾಕಿದ ಲಕೋಟೆಯಲ್ಲಿ ನೇರ ಕಚೇರಿಗೇ ಕಳಿಸಬೇಕು, ಅರ್ಜಿದಾರರು ಅದನ್ನು ಮುಟ್ಟುವಂತಿಲ್ಲ. ಕಾಲೇಜು ಕಳಿಸಿ ಐದು ತಿಂಗಳ ಮೇಲಾಗಿತ್ತು. ಈ ದಿನ ಸಂಜೆ ಐದರೊಳಗೆ ಅದು ಸಿಗದಿದ್ದರೆ ಅರ್ಜಿಯೇ ರದ್ದು. ಆಮೇಲೆ ಮೊದಲಿನಿಂದ ಎಲ್ಲವೂ, ಪರೀಕ್ಷೆಯೂ ಸೇರಿ.

"ಲಕೋಟೆ ಬಂತಾ ಸಾರ್?" ಅಂದಳು, ಬಂದಿರಲಾರದೆಂದು ಗೊತ್ತಿದ್ದೂ.

"ಬಂದಿಲ್ಲ... ಇಕ್... ಕಣಮ್ಮ. ಮೊದ್ಲು ಈ ಬಿಕ್ಕಳಿಕೆಗೆ ಏನಾದ್ರೂ ಮಾಡು."

"ಮಾಡಂಗಿಲ್ಲ ಸಾರ್. ನೋಂದಣಿಗೆ ಮುಂಚೆ ಚಿಕಿತ್ಸೆ, ಸಲಹೆ, ಸೂಚನೆ ಏನು ಕೊಟ್ರೂ ಅರ್ಜಿ ತಿರಸ್ಕಾರ ಅಂತ ನೀವೇ ಕಾಗದ ಬರ್ದಿದೀರ."

"ನಾನೇ... ಇಕ್... ಹೇಳ್ತಾ ಇದೀನಲ್ಲ!"

"ಬರವಣಿಗೇಲಿ ಕೊಡಿ ಸಾರ್."

ಹನುಮಂತರಾಯಪ್ಪನವರು ಪೆನ್ನು ತೆಗೆದರು. ಅರ್ಧ ಸಾಲು ಬರೆಯುವಷ್ಟರಲ್ಲಿ ಎರಡು ಬಿಕ್ಕಳಿಕೆ ಬಂದು ಅಕ್ಷರಗಳೆಲ್ಲ ಗುಡ್ಡ ಹತ್ತಿ ಇಳಿದವು. ಪೆನ್ನು ಜೇಬಿಗೆ ಹೋಯಿತು. "ಹೋಗ್ಲಿ, ಒಂದು ಲೋಟ ನೀರಾದ್ರೂ ಕೊಡಮ್ಮ."

ಭಾನು ಎದ್ದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. "ನಮ್ಮ ಪದ್ಧತೀಲಿ ನೀರೇ ಔಷಧಿ ಸಾರ್. ಕೊಟ್ರೆ ಚಿಕಿತ್ಸೆ ಆಗೋಗುತ್ತೆ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಪಾಪ, ಅವಳಿಗೆ ನಿಜಕ್ಕೂ ಹೆದರಿಕೆ. ಐದು ತಿಂಗಳಲ್ಲಿ ಆ ಕಚೇರಿ ಅವಳಿಗೆ ನೀರಿಗೂ ಹೆದರುವುದನ್ನು ಕಲಿಸಿತ್ತು. ಕೊನೆಗೆ, ಅತಿಥಿಯೆಂದು ಕೊಡುತ್ತಿದ್ದೇನೆ, ರೋಗಿಯೆಂದಲ್ಲ ಎಂದು ಎರಡೆರಡು ಸಲ ಹೇಳಿ ಒಂದು ಲೋಟ ನೀರು ಕೊಟ್ಟಳು. ಅತಿಥಿಯ ನೀರಿಗೆ ಬಿಕ್ಕಳಿಕೆ ಜಗ್ಗಲಿಲ್ಲ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಜ್ಜಿ ಮಂಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಅಲ್ಲಿಯ ತನಕ ಬಂದವರನ್ನು 'ಸ್ವಾಮೀ' ಅನ್ನುತ್ತಿದ್ದವಳು ಮೊರ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಅವರ ಎದುರಿಗೇ ಬಂದು ನಿಂತಳು.

"ಏನ್ಲಾ! ಕದ್ದಿದ್ದನ್ನ ಚೀಲ್ದಾಗೆ ಮಡಿಕ್ಕಂಡು ನಮ್ಮನೆ ಬೆಂಚಿನ ಮ್ಯಾಲೇ ಕುಂತಿದೀಯಲ್ಲಾ! ನಾಚ್ಕೆ ಆಗಕಿಲ್ವೇನ್ಲಾ ನಿಂಗೆ?"

ಬಿಕ್ಕಳಿಕೆ ನಿಂತಿತು. ಹನುಮಂತರಾಯಪ್ಪನವರ ಉಸಿರೂ ಅರ್ಧ ನಿಂತಿತು. "ಅಜ್ಜೀ..." ಅಂತ ಬಾಯಿ ತೆರೆಯಲು ಹೋದ ಭಾನು, ಅವರ ಮುಖ ಬಿಳಿಚಿಕೊಂಡದ್ದನ್ನು ನೋಡಿ ಚೀಲದ ಕಡೆ ಕಣ್ಣು ಹೊರಳಿಸಿದಳು. ಅವರು ಮೆಲ್ಲಗೆ ಚೀಲದ ಜಿಪ್ ಎಳೆದರು. ಒಳಗಿಂದ ಕಂದು ಬಣ್ಣದ ಲಕೋಟೆ ಹೊರಗೆ ಬಂತು. ಹಿಂದೆ ಕಾಲೇಜಿನ ಕೆಂಪು ಸೀಲು, ಮುಂದೆ ಮೀನು ಹಿಡಿಯುವ ಕರಡಿಯ ಚಿತ್ರದ ದೊಡ್ಡ ಅಂಚೆಚೀಟಿ.

"ಮೂರನೇ ಕ್ಲಾಸಿಂದ ಸ್ಟಾಂಪು ಕೂಡಿಸ್ತೀನಮ್ಮ," ಅಂದರು, ತಲೆ ಎತ್ತದೆ. "ಕೆನಡಾದ್ರಾಗೆ ಈ ಕರಡಿ ಒಂದೇ ನನ್ನತ್ರ ಇಲ್ದಿದ್ದು. ಕತ್ತರಿಸಿದ್ರೆ ಲಕೋಟೆ ಕೆಡ್ತದೆ, ರೂಲ್ಸು ಒಪ್ಪಲ್ಲ. ಕತ್ತರಿಸದೆ ಫೈಲಿಗೆ ಹಾಕನ ಅಂದ್ರೆ ಮನಸ್ಸು ಒಪ್ಪಲ್ಲ. ನಾಳೆ ಹಾಕನ, ನಾಳೆ ಹಾಕನ ಅಂತ... ಐದು ತಿಂಗ್ಳು ಇದನ್ನ ಹೊತ್ಕಂಡು ತಿರುಗ್ದೆ."

ಭಾನುವಿಗೆ ಅಳುವೂ ಬಂತು, ನಗುವೂ ಬಂತು, ಆ ಲಕೋಟೆಯನ್ನು ಕಿತ್ತುಕೊಂಡು ಅದರಲ್ಲೇ ಅವರ ತಲೆಗೆ ನಾಲ್ಕು ಬಾರಿಸಬೇಕೆನಿಸಿತು. ಆದರೆ ಅರ್ಜಿದಾರರು ಲಕೋಟೆ ಮುಟ್ಟುವಂತಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಸೀಲು ಸರಿಯಾಗಿದೆ ತಾನೇ ಸಾರ್? ಹಾಗಾದ್ರೆ ಸ್ವೀಕೃತಿ ಹಾಕಿ. ಈಗ್ಲೇ. ಟೈಮು ನಾಲ್ಕೂ ಇಪ್ಪತ್ತು ಅಂತಾನೂ ಬರೀರಿ. ನೋಂದಣಿ ಆಗ್ಲಿ, ಆಮೇಲೆ ಕರಡಿ ನಿಮ್ದೇ."

ಅವರು ಚೀಲದಿಂದಲೇ ರಬ್ಬರ್ ಸ್ಟಾಂಪು ತೆಗೆದು ಒತ್ತಿದರು, ಸಹಿ ಹಾಕಿದರು. ಐದು ತಿಂಗಳ ಭಾರ ಇಳಿದವರಂತೆ ಉಸಿರು ಬಿಟ್ಟು, ಮತ್ತೆ ಮೊರದ ಮುಂದೆ ಕೂತಿದ್ದ ಮಂಗಮ್ಮನ ಕಡೆ ತಿರುಗಿದರು.

"ಅಲ್ಲಾ ಅಜ್ಜಿ, ನಾನು ಕದ್ದಿದ್ದು ನಿಮಗೆ ಹೆಂಗೆ ಗೊತ್ತಾಯ್ತು?"

ಅಜ್ಜಿ ಅವರೆಕಾಯಿ ಬಿಟ್ಟು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ನಂಗೇನು ಗೊತ್ತು ಸ್ವಾಮೀ? ಬಿಕ್ಕಳಿಕೆ ಬಂದೋರ ಮ್ಯಾಲೆ ಕಳ್ತನ ಹೊರಿಸಿದ್ರೆ ನಿಂತೋಯ್ತದೆ. ಹುಡುಗ್ರಿಗೆಲ್ಲ ನಾನು ಮಾಡದು ಇದೊಂದೇ ಮದ್ದು. ಇಷ್ಟು ವರ್ಸದಾಗೆ ನಿಜ್ವಾಗ್ಲೂ ಕದ್ದೋನು ಅಂತ ಸಿಕ್ಕಿದ್ದು ನೀನೊಬ್ನೇ ಕಣಪ್ಪ!"

ಹನುಮಂತರಾಯಪ್ಪನವರು ಅಜ್ಜಿಯನ್ನು ನೋಡಿದರು, ಭಾನುವನ್ನು ನೋಡಿದರು, ಲಕೋಟೆಯನ್ನು ಒಳಗಿಟ್ಟು ಚೀಲದ ಜಿಪ್ ಮುಚ್ಚಿದರು, ಮತ್ತೆ ಬಿಕ್ಕಳಿಸಿದರು.