ಹೆಸರು ಹೇಳಿದ ಹೆಂಗಸು

ಎದುರಿಗೆ ನಿಂತವಳು ಸುಳ್ಳು ಹೆಂಡತಿ ಎಂಬುದರಲ್ಲಿ ಜಮಾದಾರ ಬಸಯ್ಯನಿಗೆ ಅನುಮಾನವೇ ಉಳಿದಿರಲಿಲ್ಲ. ಅದನ್ನು ಅವಳ ಬಾಯಿಂದಲೇ ಹೊರಡಿಸುವುದೊಂದು ಬಾಕಿಯಿತ್ತು.

ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆಗೆಂದು ಅವನು ಅಮೀನಗಡದ ಆ ಓಣಿಗೆ ಬಂದಿದ್ದ. ಹನಮವ್ವ ಎಂಬಾಕೆ ಮಸ್ಕತ್ತಿಗೆ ಹೋಗಬೇಕಂತೆ. ಅಲ್ಲಿ ಲಾರಿ ಓಡಿಸುವ ಗಂಡ ಮಾಳಪ್ಪನ ಕಡೆಯಿಂದ ಅವಳಿಗೆ ವೀಸಾ ಬಂದಿದೆಯಂತೆ. ಅಲ್ಲಿ ದುಡಿಯುವವನ ಹೆಂಡತಿಗಷ್ಟೇ ಸಲ್ಲುವ ವೀಸಾ ಅದು. ಬೇರೆ ಯಾರಿಗೂ ಆ ದೇಶದ ಬಾಗಿಲು ತೆರೆಯದು. ಹೆಂಡತಿ ಹೌದೆಂದು ಬಸಯ್ಯ ಬರೆದರೆ ಅವಳು ವಿಮಾನ ಹತ್ತುವಳು. ಅಲ್ಲವೆಂದು ಬರೆದರೆ ಎಲ್ಲವೂ ಇಲ್ಲಿಗೇ ಮುಗಿಯಿತು.

ಈ ಕೆಲಸವೆಂದರೆ ಅವನಿಗೆ ವಾಕರಿಕೆ. ಎಂಬತ್ತನೇ ಇಸವಿಯಿಂದ ಈಚೆಗೆ ಊರೂರಿಗೂ ಅರಬರ ದೇಶದ ಹುಚ್ಚು ಹಿಡಿದಿತ್ತು. ನಿನ್ನೆ ಮೊನ್ನೆ ಕುರಿ ಕಾಯುತ್ತಿದ್ದವನು ಇಂದು ಸೆಂಟು ಬಳಿದುಕೊಂಡು, ಹೆಗಲಿಗೆ ಟೇಪ್‌ರೆಕಾರ್ಡರ್ ತೂಗಿಕೊಂಡು ಸಂತೆಯಲ್ಲಿ ಮೆರೆಯುತ್ತಿದ್ದ. ಅವರಿಗಿಂತ ಅಸಹ್ಯ ಏಜೆಂಟರು. ಅವರ ಬಳಿ ಸಿಗದ ವಸ್ತುವೇ ಇರಲಿಲ್ಲ: ಹುಟ್ಟಿದ ತಾರೀಖು ಸಿಗುತ್ತಿತ್ತು, ಚುಚ್ಚಿಸಿಕೊಳ್ಳದ ಸೂಜಿಗೆ ಡಾಕ್ಟರ ಸಹಿ ಸಿಗುತ್ತಿತ್ತು, ಬೇಕೆಂದರೆ ಹೆಂಡತಿಯೂ ಸಿಗುತ್ತಿದ್ದಳು. ಹಿಂದೆ ಬಾದಾಮಿಯ ಕಡೆಗಿದ್ದಾಗ ಕುಳಗೇರಿ ಕ್ರಾಸಿನಲ್ಲಿ ಅಂಥ ಒಬ್ಬಳನ್ನು ಅವನೇ ಹಿಡಿದಿದ್ದ. ಒಂದೇ ಪ್ರಶ್ನೆಯಿಂದ.

ಗಂಡನ ಹೆಸರೇನು?

ಈ ಸೀಮೆಯ ಹೆಂಡತಿ ಆ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ನೀ ಹೇಳೆಂದು ಪಕ್ಕದವಳನ್ನು ತಿವಿಯುತ್ತಾಳೆ. ತೀರಾ ಒತ್ತಾಯಿಸಿದರೆ ಪದ್ಯದಂಥ ಒಂದು ಒಡಪಿನಲ್ಲಿ ಹೆಸರು ಹೆಣೆದು ಒಳಗೆ ಓಡುತ್ತಾಳೆ. ಬಸಯ್ಯನ ಹೆಂಡತಿಯಂತೂ ಹೆರಿಗೆ ನೋವಿನಲ್ಲಿಯೂ ದವಾಖಾನೆಯ ನರ್ಸಿಗೆ ಗಂಡನ ಹೆಸರು ಹೇಳದೆ, ನೆರೆಮನೆಯವಳು ಬರಲೆಂದು ಕಾಯಿಸಿದ್ದಳು. ಬಾಡಿಗೆಯ ಹೆಂಡತಿಗೆ ಅಂಥ ಸಂಕೋಚವೆಲ್ಲಿಯದು?

ಎದುರುಮನೆಯ ಕಾಸಿಂಬಿಯನ್ನು ಅವನು ಮೊದಲೇ ವಿಚಾರಿಸಿದ್ದ.

"ಇವರು ಈ ಓಣಿಗೆ ಬಂದದ್ದ ಮೊನ್ನಿ ದೀಪಾವಳಿಗ್ರಿ. ಆ ಮಾಳಪ್ಪನ್ನ ನಾವ್ಯಾರೂ ಕಂಡಿಲ್ಲ," ಎಂದು ಕಾಸಿಂಬಿ ದನಿ ತಗ್ಗಿಸಿದ್ದಳು. "ಮಸ್ಕತ್ತಿಂದ ಚಮನಸಾಬ ಅಂತ ಒಬ್ಬಾಂವ ರಜಾಕ್ಕ ಬಂದಾನ್ರಿ. ಈಕಿ ಬಸ್‌ಸ್ಟ್ಯಾಂಡ್ ಹಿಂದ ಅವನ ಮುಂದ ನಿಂತು ಅಳಾಕತ್ತಿದ್ಲು. ಕಾಗದಪತ್ರ ಎಲ್ಲಾ ಅವನ ಓಡ್ಯಾಡಿ ಮಾಡ್ಸಾಕತ್ತಾನ. ನನಗ್ಯಾಕ ಬೇಕ್ರಿ ಮಂದಿ ಉಸಾಬರಿ."

ಅಲ್ಲಿಗೆ ಏಜೆಂಟನ ಹೆಸರೂ ಸಿಕ್ಕಂತಾಯಿತು.

ಈಗ ಹನಮವ್ವ ಎದುರಿಗಿದ್ದಳು. ಹಣೆಯ ಮೇಲೆ ಕಾಸಿನಗಲ ಕುಂಕುಮ, ಮೊಣಕೈವರೆಗೆ ಹಸಿರು ಬಳೆ. ಬಯಲಾಟಕ್ಕೆ ವೇಷ ಕಟ್ಟಿದಂತಿದೆ ಎಂದುಕೊಂಡ ಬಸಯ್ಯ. ಅವಳ ಪಕ್ಕದಲ್ಲಿ ಅತ್ತೆ ಬೋರವ್ವ ಕರದಂಟಿನ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದಳು. ಹೆಂಡತಿ ಸಿಗುವಲ್ಲಿ ಅತ್ತೆ ಸಿಗುವುದು ಕಷ್ಟವಲ್ಲ.

"ನನ್ನ ಮಗಗ ಕರದಂಟು ಅಂದ್ರ ಜೀವ್ರಿ," ಎಂದಳು ಮುದುಕಿ. "ಈಕಿ ಒಯ್ಯೂದಿಲ್ಲ ಅಂತಾಳ. ನೀವರ ಒಂದಿಷ್ಟು ಬುದ್ಧಿ ಹೇಳ್ರಿ."

"ಭಾರ ಆಗ್ತೈತಿ, ಬಿಡ್ರಿ ಅತ್ತಿ," ಎಂದ ಹನಮವ್ವ ಅವಳತ್ತ ತಿರುಗಲಿಲ್ಲ. "ಜಮಾದಾರ್ರ, ಪಾಸ್‌ಪೋರ್ಟು ಯಾವಾಗ ಬರ್ತೈತ್ರಿ?"

ಅವನು ಬಂದು ಕುಳಿತಾಗಿನಿಂದ ಅವಳದು ಇದೇ ಮಾತು. ವರುಷಗಟ್ಟಲೆ ಕಾಣದ ಗಂಡನಿಗೆ ಒಂದು ಪೊಟ್ಟಣ ಸಿಹಿ ಒಯ್ಯಲಾರದವಳು, ವಿಮಾನಕ್ಕೆ ಮಾತ್ರ ತುದಿಗಾಲಲ್ಲಿ ನಿಂತಿದ್ದಳು.

"ಯಾಕಬೇ, ಗಂಡನ್ನ ಬಿಟ್ಟಿರಾಕ ಆಗವಲ್ದೇನು?"

"ಅವರು ಭಾಳ ದಿನ ಇಟ್ಕೊಳ್ಳೂದಿಲ್ಲ ಅಂದಾರಂತ್ರಿ."

ಅಂದರೆ ಕೆಲಸಕ್ಕೆ ಇಟ್ಟುಕೊಳ್ಳುವವರನ್ನೂ ಗೊತ್ತುಮಾಡಿಕೊಂಡಿದ್ದಾಳೆ. ಬಸಯ್ಯನ ಬಾಯಿ ಕಹಿಯಾಯಿತು. ಅಂಗಳದತ್ತ ಬಾಗಿ ಎಲೆಯಡಿಕೆ ಉಗುಳಿ ಬಂದು ಕುಳಿತ.

"ಗಂಡನ ಹೆಸರು ಹೇಳು. ನೀನ ಹೇಳಬೇಕು. ನಿನ್ನ ಬಾಯ್ಲೆ."

ಬೋರವ್ವ ನಕ್ಕಳು. "ಅಯ್ಯ, ಅದನ್ಹೆಂಗ ಹೇಳ್ತಾಳ್ರಿ ಹೆಣಮಗಳು? ನಾ ಹೇಳ್ತೇನಿ ತಗೋರಿ."

"ಅತ್ತಿ, ನೀವು ಒಳಗ ಹೋಗಿ ಜಮಾದಾರ್ರಿಗೆ ಚಾ ಇಡ್ರಿ," ಎಂದಳು ಹನಮವ್ವ.

ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಸಾಕ್ಷಿಯನ್ನು ಒಳಗೆ ಕಳಿಸಿದ್ದೂ ಬಸಯ್ಯನ ಗಮನಕ್ಕೆ ಬಂತು. ಒಳಗೆ ಪಾತ್ರೆಯ ಸಪ್ಪಳ ಕೇಳುವವರೆಗೆ ಹನಮವ್ವ ಕಾದಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಹೇಳಿದಳು:

"ಮಾಳಪ್ಪ."

ಸೆರಗು ಮೇಲೇಳಲಿಲ್ಲ. ಕಣ್ಣು ಕೆಳಗಿಳಿಯಲಿಲ್ಲ. ಕಂಡಕ್ಟರು ಸ್ಟಾಪಿನ ಹೆಸರು ಹೇಳಿದಷ್ಟು ಸಲೀಸಾಗಿ ಬಂದಿತ್ತು ಮಾತು.

"ಇನ್ನೊಮ್ಮೆ ಹೇಳು."

"ಮಾಳಪ್ಪ ಅಂತ್ರಿ."

ಬಸಯ್ಯ ಪೆನ್ನಿನ ಮುಚ್ಚಳ ತೆಗೆದ. ಸದರಿ ಹೆಂಗಸು ಮಾಳಪ್ಪನ ಹೆಂಡತಿಯಲ್ಲವೆಂದು ವಿಚಾರಣೆಯಿಂದ ಖಚಿತವಾಗಿದೆ, ಎಂದು ಬರೆದು ಅಡಿಗೆರೆ ಎಳೆದು ಸಹಿ ಹಾಕಿದ. ಹೇಸಿಗೆಯ ನಡುವೆಯೂ ತನ್ನ ಚತುರತೆಯ ಬಗ್ಗೆ ಸಣ್ಣದೊಂದು ಸಂತೋಷ ಅವನಿಗಾಗದಿರಲಿಲ್ಲ.

"ನಿಮ್ಮ ಚಮನಸಾಬ ಎಲ್ಲಾ ಕಲಿಸ್ಯಾನ, ಇದೊಂದು ಕಲಿಸೂದು ಮರತಾನ," ಎಂದ, ಎದ್ದು ನಿಲ್ಲುತ್ತ. "ಮುತ್ತೈದಿ ಹೆಣಮಗಳು ಹಿಂಗ ಗಂಡನ ಹೆಸರು ಹೇಳ್ತಾಳೇನಬೇ?"

ಹನಮವ್ವ ಒಮ್ಮೆ ಅಡುಗೆಮನೆಯ ಬಾಗಿಲತ್ತ ನೋಡಿದಳು.

"ಆಯುಷ್ಯ ಕಡಿಮಿ ಆಗ್ತೈತಿ ಅಂತ ನಾನೂ ಇಷ್ಟು ದಿನ ಹೇಳಿರಲಿಲ್ರಿ ಜಮಾದಾರ್ರ," ಎಂದಳು. "ಹೆಣ ಅಲ್ಲೇ ದವಾಖಾನ್ಯಾಗ ಬರ್ಫದಾಗ ಇಟ್ಟಾರಂತ, ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರ್ತೇನಿ, ಮೆಲ್ಲಗ ಮಾತಾಡ್ರಿ, ಅತ್ತಿಗೆ ಇನ್ನೂ ಗೊತ್ತಿಲ್ಲ."