ಇಮೊಜೆನ್ ಕೊಟ್ಟ ನೋಟ್ಸು

“ಮೂರನೇ ಪ್ರಶ್ನೆಗೆ ಹಳೇ ಕಾನೂನು ಹಾಕಿ ಬರೆದ್ಯಾ? ಅದು ಫೆಬ್ರವರೀಲೇ ರದ್ದಾಗಿದೆ ಮಾರಾಯ್ತಿ,” ಎಂದ ಸಹಪಾಠಿ ಕೋರಿ, ಬ್ರಿಸ್ಬೇನಿನ ವಿಶ್ವವಿದ್ಯಾಲಯದ ಪರೀಕ್ಷಾ ಹಾಲ್‌ನಿಂದ ಹೊರಬರುತ್ತ.

ಟೀಗನ್ ಚೀಲದಿಂದ ನೋಟ್ಸು ತೆಗೆದು ಆ ಪುಟ ಹುಡುಕಿದಳು. ಬೇಕರಿ ಕೆಲಸಕ್ಕೆ ಹೋಗಿ ತಪ್ಪಿಸಿಕೊಂಡ ತರಗತಿಗಳಿಗೆಲ್ಲ ಅವಳು ಗೆಳತಿ ಇಮೊಜೆನ್ ನಿನ್ನೆ ಕೊಟ್ಟ ನೋಟ್ಸನ್ನೇ ನಂಬಿದ್ದಳು. ವಾಣಿಜ್ಯ, ಕಾನೂನು ಎರಡನ್ನೂ ಒಟ್ಟಿಗೇ ಓದುವ ಅವರ ತರಗತಿಯಲ್ಲಿ ಈ ವರ್ಷ ಅಂಕಪಟ್ಟಿಯ ಕೊನೆಯ ಹತ್ತು ಮಂದಿ ಕಾನೂನು ಬಿಡಬೇಕು. ಅವರಿಗೆ ಬರೀ ವಾಣಿಜ್ಯದ ಪದವಿ.

“ನಿನ್ನ ನೋಟ್ಸಲ್ಲಿ ಹಳೇದೇ ಇತ್ತಲ್ಲೇ ಇಮೊಜೆನ್?” ಎಂದು ಪಕ್ಕದಲ್ಲೇ ಬರುತ್ತಿದ್ದ ಗೆಳತಿಯನ್ನು ಕೇಳಿದಳು.

“ಹಾಗಾದ್ರೆ ನಂದೂ ಹೋಯ್ತು ಬಿಡು. ಇಬ್ರೂ ಒಟ್ಟಿಗೇ ಮುಳುಗಿದ್ವಿ.”

“ನೀನೆಲ್ಲಿ ಮುಳುಗ್ತೀಯ?” ಕೋರಿ ಇಮೊಜೆನ್‌ಳತ್ತ ತಿರುಗಿ ನಕ್ಕ. “ಹೋದ ವಾರ ಲೈಬ್ರರೀಲಿ ನಾನೇ ತೋರಿಸಿದ್ನಲ್ಲ. ಹಳೇ ಪುಟ ತೆಗೆದು ಹೊಸದು ಬರೆದ್ಕೊಂಡ್ಯಲ್ಲ.”

ತಾನೇನು ಹೇಳಿದೆನೆಂಬ ಅರಿವೇ ಇಲ್ಲದೆ ಅವನು ಕಾಫಿಗೆ ಹೊರಟುಹೋದ. ತೆಗೆದ ಆ ಪುಟ ಎಲ್ಲಿ ಸೇರಿತೆಂದು ಟೀಗನ್ ಕೇಳಬೇಕಾಗಿರಲಿಲ್ಲ. ಅದು ಅವಳ ಕೈಯಲ್ಲೇ ಇತ್ತು.

“ಈವರೆಗಿನ ಅಂಕದಲ್ಲಿ ಕೊನೇ ಹತ್ತರಲ್ಲಿ ನಾನಿದ್ದೆ ಕಣೇ,” ಎಂದಳು ಇಮೊಜೆನ್, ನೆಲ ನೋಡುತ್ತ. “ನನಗಿಂತ ಒಂದೇ ಮೆಟ್ಟಿಲು ಮೇಲೆ, ಆ ಹತ್ತರಿಂದ ಆಚೆ, ನೀನಿದ್ದೆ.”

ಜಕರಂಡ ಮರದಿಂದ ಒಂದು ನೀಲಿ ಹೂ ಇಮೊಜೆನ್‌ಳ ತಲೆಯ ಮೇಲೆ ಬಿತ್ತು. ಪರೀಕ್ಷೆಯ ದಿನಗಳಲ್ಲಿ ಅದು ಯಾರ ತಲೆಗೆ ಬೀಳುತ್ತದೋ ಅವರು ನಪಾಸು ಎಂಬ ಮಾತು ಅಲ್ಲಿ. ಪಕ್ಕದಲ್ಲಿದ್ದವರು ತಕ್ಷಣ ಕೊಡವಿಬಿಡುತ್ತಾರೆ. ಇನ್ನೂ ಎರಡು ಪರೀಕ್ಷೆ ಬಾಕಿ ಇದ್ದವು. ಮೂರು ವರ್ಷದ ಅಭ್ಯಾಸಕ್ಕೆ ಟೀಗನ್‌ಳ ಕೈ ತಾನಾಗಿ ಮೇಲೆದ್ದಿತು. ಅರ್ಧಕ್ಕೆ ತಡೆದು, ಆ ಕೈಯನ್ನು ಜೇಬಿನೊಳಗೆ ಇಳಿಸಿ ಬಸ್ಸಿನತ್ತ ನಡೆದಳು.